ಇಳಿಯದ ಅರವತ್ತೆಂಟು

ಭಾವನ ಮನೆಯಿರುವ ಕಟ್ಟಡದ ಮೆಟ್ಟಿಲನ್ನು ನಾನು ಈಗಲೂ ತಲೆ ತಗ್ಗಿಸಿಕೊಂಡೇ ಹತ್ತುತ್ತೇನೆ. ಮಾಡಿದ್ದು ಅವರು, ನಾನಲ್ಲ. ಆದರೂ ಅಕ್ಕನನ್ನು ಕೊಟ್ಟ ಮನೆಯ ಮಾನ ಹೋದಾಗ ತಮ್ಮನಿಗೂ ಅದರಲ್ಲೊಂದು ಪಾಲು ಬರುತ್ತದೆ. ನನಗೆ ಬೇಡ ಎಂದು ಬಿಟ್ಟುಕೊಡಲು ಅದೇನು ಆಸ್ತಿಯೇ? ನಾನು ಒಂಟಿ ಆಸಾಮಿ. ಪಕ್ಕದ ಬೀದಿಯಲ್ಲಿ ರೂಮು, ಊಟ ಅಕ್ಕನ ಮನೆಯಲ್ಲಿ. ಹಾಗಾಗಿ ನಡೆದದ್ದನ್ನೆಲ್ಲ ತಟ್ಟೆಯ ಮುಂದೆ ಕೂತೇ ನೋಡಿದ್ದೇನೆ.

ಭಾವ ವಿಮಾ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಮನುಷ್ಯ ಒಳ್ಳೆಯವರು, ಸಿಗರೇಟಿಲ್ಲ, ಜೂಜಿಲ್ಲ. ಒಂದೇ ಒಂದು ದೌರ್ಬಲ್ಯ: ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕೀಳಲು ಅವರಿಗೆ ಕೈ ಬರುವುದಿಲ್ಲ. "ಕಿತ್ತರೆ ಆವತ್ತೇ ಹಳೇದಾಯ್ತು" ಎನ್ನುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅಂಗಡಿಯಲ್ಲಿ ಅಂಟಿಸಿದ ಹಾಳೆ ಹಾಗೆಯೇ ಇದೆ. ರಿಮೋಟು ಚೀಲದೊಳಗಿದೆ. ಮದುವೆಗೆ ನಾವು ಕೊಟ್ಟ ಕೈಗಡಿಯಾರದ ಗಾಜಿನ ಮೇಲಿನ ಹಾಳೆ ಹಳದಿಗಟ್ಟಿ ಮುಳ್ಳುಗಳು ಕಾಣದಂತಾಗಿ, ಭಾವ ಅದನ್ನು ಕಟ್ಟಿಕೊಂಡೇ ದಾರಿಯಲ್ಲಿ ಹೋಗುವವರನ್ನು ಗಂಟೆ ಕೇಳುತ್ತಾರೆ. ಸೋಫಾ ಕೂಡ ಪ್ಲಾಸ್ಟಿಕ್ಕಿನಲ್ಲೇ ಇದೆ. ಅದರ ಮೇಲೆ ಕೂತವರು ಎದ್ದ ಸದ್ದಿಗೆ ಗಾಬರಿಯಾಗಿ "ಅದು ನಾನಲ್ಲ, ಸೋಫಾ" ಎಂದು ಸಮಜಾಯಿಷಿ ಕೊಡುವುದು ಆ ಮನೆಯಲ್ಲಿ ಮಾಮೂಲು.

ಇಂಥ ಭಾವ ಒಂದು ಸಂಜೆ ತಮ್ಮ ಮ್ಯಾನೇಜರರ ಮನೆಗೆ ಹೋಗಿ ಬಂದರು. ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ತಮ್ಮ ಮನೆಯ ಟೈಲ್ಸ್ ನೆಲವನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಅವರ ಮನೇದು ಮರದ ನೆಲ ಕಣೇ," ಎಂದರು. "ನಡೆದ್ರೆ ಕಾಲಿಗೇ ಗೌರವ ಬರುತ್ತೆ."

"ನಮ್ಮ ಕಾಲಿಗೆ ಈಗೇನು ಅವಮಾನ ಆಗಿದೆ?" ಎಂದಳು ಅಕ್ಕ.

ಉತ್ತರ ಬರಲಿಲ್ಲ, ಬಡಗಿ ಬಂದ. ಮುಂದಿನ ಕೋಣೆಗೆ ಪೂರಾ ಗಟ್ಟಿಮರದ ಹಲಗೆ ಹಾಸಿ, ಪಾಲಿಶ್ ಹೊಡೆದು, ಹೋಗುವಾಗ ಒಂದು ಮಾತು ಹೇಳಿದ: "ಸಾರ್, ಗಾಳೀಲಿ ತೇವ ಜಾಸ್ತಿಯಾದ್ರೆ ಹಲಗೆ ಉಬ್ಬುತ್ತೆ, ಕಮ್ಮಿಯಾದ್ರೆ ಕುಗ್ಗಿ ಸಂದು ಬಿಡುತ್ತೆ. ತೇವ ನೂರಕ್ಕೆ ನಲವತ್ತರಿಂದ ಐವತ್ತೈದರೊಳಗೆ ಇಟ್ಕೊಳ್ಳಿ. ಅದನ್ನ ತೋರಿಸೋ ಮೀಟರ್ ಸಿಗುತ್ತೆ, ಒಂದು ತಂದು ಗೋಡೆಗೆ ಹಾಕಿ."

ಭಾವ ತಂದರು. ಅಂಗೈಯಗಲದ ಬಿಳಿ ಪೆಟ್ಟಿಗೆ. ಮುಖದ ಮೇಲೆ ದಪ್ಪಗೆ ಅರವತ್ತೆಂಟು ಎಂಬ ಅಂಕಿ, ಪಕ್ಕದಲ್ಲಿ ನಗುವ ಪುಟ್ಟ ಮುಖ. ಅರವತ್ತೆಂಟರಷ್ಟು ತೇವವಿದ್ದರೂ ಅದು ಯಾಕೆ ನಗುತ್ತಿದೆ ಎಂದು ಆಗಲೇ ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಭಾವ ಮೊಳೆ ಹೊಡೆದು ಅದನ್ನು ತೂಗುಹಾಕಿದರು, ಮತ್ತು ಆ ಕ್ಷಣದಿಂದ ಆ ಮನೆಯಲ್ಲಿ ಯಜಮಾನಿಕೆ ಅದರದ್ದಾಯಿತು.

ಮೊದಲ ಏಟು ಬಿದ್ದದ್ದು ಕುಕ್ಕರಿಗೆ.

"ಇನ್ನು ಮೇಲೆ ವಿಷಲ್ ಕೂಗಬಾರದು," ಎಂದರು ಭಾವ. "ಆವಿ ಬರದ ಹಾಗೆ ಅನ್ನ ಮಾಡು."

"ರೀ, ಆವಿ ಬರದ ಅನ್ನಕ್ಕೆ ಅಕ್ಕಿ ಅಂತಾರೆ."

ಎರಡನೆಯ ಏಟು ನಮ್ಮಮ್ಮನಿಗೆ. ಅಮ್ಮ ಅಕ್ಕನ ಜೊತೆಯಲ್ಲೇ ಇರುವುದು. ಮೂಗು ಕಟ್ಟುವ ತೊಂದರೆಯಿರುವುದರಿಂದ ಸಂಜೆ ಬಿಸಿನೀರಿನ ಪಾತ್ರೆಯ ಮುಂದೆ ಕೂತು, ತಲೆಯ ಮೇಲೆ ಕಂಬಳಿ ಎಳೆದುಕೊಂಡು ಆವಿ ತೆಗೆದುಕೊಳ್ಳುವುದು ಅವಳ ಪದ್ಧತಿ. ಭಾವ ಕಂಬಳಿಯ ಮುಂದೆ ಕೈಮುಗಿದು ನಿಂತರು.

"ಅತ್ತೆ, ಬೇರೆಯೇನೂ ಇಲ್ಲ, ನೆಲ ಉಬ್ಬುತ್ತೆ."

"ನನ್ನ ಮೂಗು ಕಟ್ಟಿದೆಯಲ್ಲ ಅಳಿಯಂದ್ರೇ?"

"ಮೂಗು ನಾಳೆ ಬಿಡುತ್ತೆ ಅತ್ತೆ. ಹಲಗೆ ಉಬ್ಬಿದ್ರೆ ಉಬ್ಬಿದ್ದೇ."

ಅಮ್ಮ ಕಂಬಳಿ ಮಡಿಸಿಕೊಂಡು, ಪಾತ್ರೆ ಹಿಡಿದುಕೊಂಡು, ಮೇಲಿನ ಮನೆಗೆ ಹೋದಳು. ಅಲ್ಲಿರುವವರು ನಿವೃತ್ತರಾದ ಭೂಗೋಳದ ಮೇಷ್ಟ್ರು ಮತ್ತು ಅವರ ಹೆಂಡತಿ. ಆಕೆಯನ್ನು ಕಟ್ಟಡದವರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ಮಂಡಿ ನೋವು, ಮಾತು ಕಡಿಮೆ. ಅವತ್ತಿನಿಂದ ಅಮ್ಮನ ಮೂಗಿನ ಉಪಚಾರ ಅವರ ಅಡುಗೆಮನೆಯಲ್ಲಿ ನಡೆಯತೊಡಗಿತು. ನಮ್ಮ ಮನೆಯ ಆವಿಯನ್ನು ಇನ್ನೊಬ್ಬರ ಮನೆಗೆ ಕಳಿಸುತ್ತಿದ್ದೇವಲ್ಲ ಎಂದು ಅಕ್ಕನಿಗೆ ಆಗಲೇ ನಾಚಿಕೆ ಶುರುವಾಗಿತ್ತು.

ಅರವತ್ತೆಂಟು ಮಾತ್ರ ಒಂದಂಕಿಯೂ ಇಳಿಯಲಿಲ್ಲ.

ಭಾವ ಟೊಂಕ ಕಟ್ಟಿ ನಿಂತರು. ತಟ್ಟೆಗಳಲ್ಲಿ ಕಲ್ಲುಪ್ಪು ಸುರಿದು ಮೂಲೆಮೂಲೆಗೆ ಇಟ್ಟರು. ಇದ್ದಿಲಿನ ಮೂಟೆ ನನ್ನ ಹೆಗಲ ಮೇಲೆ ಬಂತು. ಚಪ್ಪಲಿ ಅಂಗಡಿಗಳಿಗೆ ಹೋಗಿ, ಡಬ್ಬಿಯೊಳಗೆ ಹಾಕಿರುತ್ತಾರಲ್ಲ, ತೇವ ಹೀರುವ ಪುಟ್ಟ ಪೊಟ್ಟಣ, ಅದನ್ನು ಬೇಡಿಕೊಂಡು ತಂದರು. ಅಂಗಡಿಯವನು ಚಪ್ಪಲಿ ಬೇಡವೇ ಎಂದರೆ "ಅದು ನೀವೇ ಇಟ್ಕೊಳ್ಳಿ" ಎಂದರಂತೆ. ಹೀಟರ್ ಹಚ್ಚಿದರು, ಮೂರು ಕಡೆ ಫ್ಯಾನ್ ತಿರುಗಿಸಿದರು. ಕಚೇರಿಯ ಸಹೋದ್ಯೋಗಿಯೊಬ್ಬರು ಹೊಸ ನೆಲ ನೋಡಲು ಬಂದಾಗ ಮೊದಲು ಅವರ ಕೊಡೆ ಹೊರಗೆ ಹೋಯಿತು, ಆಮೇಲೆ ಕಾಲುಚೀಲ ಹೋಯಿತು, ಕೊನೆಗೆ ಭಾವ ಅವರ ಹಣೆಯನ್ನೇ ದಿಟ್ಟಿಸುತ್ತ "ಸ್ವಲ್ಪ ಕಡಿಮೆ ಬೆವರೋಕೆ ಆಗುತ್ತಾ?" ಎಂದು ಕೇಳಿದರು. ಅವರು ಬೆವರುತ್ತಲೇ ಎದ್ದುಹೋದರು.

ಇದಾದರೂ ನಗುವ ಮಾತು. ನಗಲಾಗದ್ದು ಇನ್ನೊಂದು ನಡೆಯಿತು. ದೊಡ್ಡಮ್ಮನ ತಂಗಿಗೆ ಹುಷಾರಿಲ್ಲದೆ ಆಸ್ಪತ್ರೆ ಸೇರಿಸಿದ್ದರು. ಫೋನು ಬಂದ ಕೂಡಲೇ ಆಕೆ ಅಮ್ಮನ ಹತ್ತಿರ ಹೇಳಿಕೊಳ್ಳಲು ಕುಂಟುತ್ತ ಕೆಳಗಿಳಿದು ಬಂದರು. ಕೂತರು, ಎರಡು ಮಾತಾಡುವಷ್ಟರಲ್ಲಿ ಕಣ್ಣು ತುಂಬಿ ಬಂತು. ಭಾವ ಒಮ್ಮೆ ಆಕೆಯ ಕಣ್ಣು ನೋಡಿದರು, ಒಮ್ಮೆ ಗೋಡೆಯ ಮೀಟರ್ ನೋಡಿದರು.

"ದೊಡ್ಡಮ್ಮ, ತಪ್ಪು ತಿಳೀಬೇಡಿ. ಅಳೋದಿದ್ರೆ ದಯವಿಟ್ಟು ಬಾಲ್ಕನಿಗೆ ಬಂದ್ಬಿಡಿ. ಮರದ ನೆಲ ನೋಡಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸೋಫಾದಿಂದ ಸದ್ದಾಗದಂತೆ ಎದ್ದು, ಮೇಲೆ ಹೋದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ನಾನು ಕೈಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಭಾವ ಮಾತ್ರ ಮೀಟರಿನ ಕೆಳಗೆ ನಿಂತು "ಇನ್ನೂ ಅರವತ್ತೆಂಟೇ!" ಎಂದು ಹಲ್ಲು ಕಡಿದರು.

ಅಷ್ಟರಲ್ಲಿ ಮನೆಯೊಳಗಿನ ಗಾಳಿ ಹೇಗಾಗಿತ್ತೆಂದರೆ, ಎಲ್ಲರ ತುಟಿ ಒಡೆದಿತ್ತು. ಅಕ್ಕ ತಲೆ ಬಾಚಿದರೆ ಬಾಚಣಿಗೆ ಚಟಪಟ ಎನ್ನುತ್ತಿತ್ತು. ಊಟದ ನಡುವೆ ನೆಲ ತಾನಾಗಿಯೇ "ಟಕ್" ಎನ್ನುತ್ತಿತ್ತು. ಹಲಗೆಗಳ ನಡುವೆ ಸಂದು ಬಿಟ್ಟಿತು. ನನ್ನ ಅಂಗಿಯ ಗುಂಡಿಯೊಂದು ಉರುಳಿ ಅದರೊಳಗೆ ಹೋದದ್ದು ಹೋಯಿತು.

"ರೀ, ಇದು ಒಣಗಿ ಬಿಟ್ಟಿರೋ ಸಂದಲ್ವಾ?" ಎಂದಳು ಅಕ್ಕ.

"ಮೀಟರ್ ನಿನ್ನ ಹತ್ರ ಇದೆಯೋ ನನ್ನ ಹತ್ರ ಇದೆಯೋ?"

ಬಡಗಿಗೆ ಫೋನು ಹೋಯಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತೋರಿಸ್ತಿದೆ ಸಾರ್?" ಅರವತ್ತೆಂಟು ಎಂದರು ಭಾವ. "ಹಾಗಾದ್ರೆ ಇನ್ನೂ ಒಣಗಿಸಿ" ಎಂದ ಬಡಗಿ.

ಆಗ ಭಾವನ ತಲೆಯಲ್ಲಿ ತರ್ಕವೊಂದು ಹುಟ್ಟಿತು. ತರ್ಕವೇನೋ ಗಟ್ಟಿಯಾಗಿಯೇ ಇತ್ತು, ಅದಕ್ಕೇ ಅದು ಅಪಾಯ. "ನೋಡಯ್ಯಾ," ಎಂದು ನನ್ನನ್ನು ಕೂರಿಸಿಕೊಂಡರು. "ತೇವ ನಮ್ಮನೇದಾಗಿದ್ರೆ ಏರಬೇಕು, ಇಳೀಬೇಕು. ಇದು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಅಂದ್ರೆ ಎಲ್ಲಿಂದಲೋ ಸಮವಾಗಿ ಬರ್ತಿದೆ. ಎಲ್ಲಿಂದ?" ಎಂದು ಬೆರಳನ್ನು ಸೂರಿನ ಕಡೆ ಎತ್ತಿದರು.

ಸೂರಿನ ಮೇಲೆ ಇದ್ದದ್ದು ಮೇಷ್ಟ್ರ ಬಚ್ಚಲುಮನೆ.

ಕಟ್ಟಡದ ಸಂಘಕ್ಕೊಬ್ಬ ಕಾರ್ಯದರ್ಶಿ. ನೆಲಮಹಡಿಯಲ್ಲಿ ವಾಸ. ಮಾತೆತ್ತಿದರೆ ಸಭೆ ಕರೆಯುವುದರಿಂದ ಅವರಿಗೆ ಅಜೆಂಡಾ ಎಂದೇ ಹೆಸರು. ಭಾವನ ದೂರು ಕೇಳಿ ಅವರ ಮುಖ ಅರಳಿತು. ಪಾಪ, ಬಹಳ ದಿನದಿಂದ ಸಭೆಗೊಂದು ವಿಷಯವಿರಲಿಲ್ಲ. ಎಲ್ಲರನ್ನೂ ಭಾವನ ಮನೆಯಲ್ಲೇ ಸೇರಿಸಿದರು. ಬಂದವರು ಕಾಲೊರೆಸಿಕೊಂಡು, ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ನಿಂತರು.

"ವಿಷಯ ಒಂದು, ಮೇಲಿನಿಂದ ಸೋರಿಕೆ," ಎಂದರು ಅಜೆಂಡಾ. "ಸಾಕ್ಷಿ?"

ಭಾವ ಮೀಟರ್ ತೋರಿಸಿದರು. ಜನ ಒಬ್ಬೊಬ್ಬರಾಗಿ ಹೋಗಿ ಅರವತ್ತೆಂಟನ್ನು ನೋಡಿ ತಲೆದೂಗಿದರು. ಅಂಕಿ ಕಂಡರೆ ನಮ್ಮ ಜನಕ್ಕೆ ಅಷ್ಟು ನಂಬಿಕೆ.

"ಅಳಿಯಂದ್ರೇ," ಎಂದಳು ಅಮ್ಮ, "ನಾನು ದಿನಾ ಅವರ ಬಚ್ಚಲಲ್ಲಿ ಮುಖ ತೊಳೀತೀನಿ. ಒಂದು ಹನಿ ಸೋರಲ್ಲ."

"ತಾವು ಸಂಘದ ಸದಸ್ಯರಲ್ಲ," ಎಂದರು ಅಜೆಂಡಾ.

ಮೇಷ್ಟ್ರು ದಪ್ಪ ಕನ್ನಡಕದೊಳಗಿಂದ ಎಲ್ಲರನ್ನೂ ಒಮ್ಮೆ ನೋಡಿದರು. ಮೋಡ ಹೇಗೆ ಕಟ್ಟುತ್ತದೆ, ಮಳೆ ಹೇಗೆ ಬೀಳುತ್ತದೆ ಎಂದು ಜೀವಮಾನವಿಡೀ ಪಾಠ ಮಾಡಿದವರು. ವಾದ ಮಾಡಲಿಲ್ಲ. "ನನ್ನಿಂದ ನಿಮ್ಮ ನೆಲಕ್ಕೆ ತೊಂದರೆ ಆಗಿದ್ರೆ ಅದು ಸರಿಯಲ್ಲ. ಒಡೆಸಿ ನೋಡಿ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪ್ಲಂಬರ್ ಬಂದ. ಬಚ್ಚಲಿನ ಟೈಲ್ಸ್ ಒಡೆದ, ಪೈಪು ಬಗೆದ, ಮುಟ್ಟಿ ನೋಡಿದ.

"ಪೈಪು ಚೆನ್ನಾಗಿದೆ ಸಾರ್. ಒಳ್ಳೇ ಪೈಪು."

"ಇನ್ನೊಂದು ಒಡೀರಿ," ಎಂದರು ಭಾವ.

"ಇದೂ ಚೆನ್ನಾಗಿದೆ ಸಾರ್."

"ಚೆನ್ನಾಗಿಲ್ಲದ್ದು ಸಿಗೋವರೆಗೂ ಒಡೀರಿ."

ಚೆನ್ನಾಗಿಲ್ಲದ್ದು ಸಿಗಲಿಲ್ಲ. ಹುಡುಕಿ ಮುಗಿಯುವ ಹೊತ್ತಿಗೆ ಮೇಷ್ಟ್ರ ಬಚ್ಚಲಿನಲ್ಲಿ ಒಡೆಯಲು ಏನೂ ಉಳಿದಿರಲಿಲ್ಲ. ಶೌಚಾಲಯ ಬೇರೆಯಿದ್ದದ್ದೊಂದು ಪುಣ್ಯ. ಭಾವ ಹಿಂಜರಿಯಲಿಲ್ಲ, ಸೋರಿಕೆ ಗೋಡೆಯೊಳಗೆ ಅಡಗಿದೆ, ಇಡೀ ಕಟ್ಟಡಕ್ಕೆ ಅಪಾಯವಿದೆ ಎಂದು ನಗರಸಭೆಗೆ ಬರೆದು ಹಾಕಿದರು.

ಅಲ್ಲಿಂದ ಇಂಜಿನಿಯರ್ ಬರುವವರೆಗೂ ಮೇಷ್ಟ್ರ ದಂಪತಿಗಳ ಸ್ನಾನ ನೆಲಮಹಡಿಯ ಅಜೆಂಡಾ ಮನೆಯಲ್ಲಿ. ಬೆಳಿಗ್ಗೆ ದೊಡ್ಡಮ್ಮ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು, ಪಕ್ಕದ ಕಟಾಂಜನದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಇಳಿಯುತ್ತಿದ್ದರು. ಆ ಸದ್ದು ಭಾವನ ಬಾಗಿಲ ಮುಂದೆ ಹಾದುಹೋಗುವವರೆಗೂ ಅಕ್ಕ ಹಾಲಿನ ಪಾತ್ರೆ ಹಿಡಿದು ಒಳಗೇ ನಿಂತಿರುತ್ತಿದ್ದಳು. ಎದುರಾದರೆ ಯಾವ ಮುಖ ತೋರಿಸುವುದು? ಆಕೆ ವಾಪಸು ಮೇಲೆ ಹತ್ತುವಾಗ ಇನ್ನೂ ನಿಧಾನ. ಅಮ್ಮ ಆ ದಿನಗಳಲ್ಲಿ ಅಳಿಯನ ಹತ್ತಿರ ಮಾತು ಬಿಟ್ಟಿದ್ದಳು. ಮೂಗು ಕಟ್ಟಿದರೆ ಕಟ್ಟಲಿ ಎಂದು ಮೇಲೆ ಹೋಗುವುದನ್ನೂ ಬಿಟ್ಟಿದ್ದಳು.

ಇಂಜಿನಿಯರ್ ಬಂದ ದಿನ ಕೋಣೆಯ ತುಂಬ ಜನ. ಅವರು ತಮ್ಮದೊಂದು ಯಂತ್ರ ತೆಗೆದು ಸೂರಿಗೆ ಒತ್ತಿದರು, ಗೋಡೆಗೆ ಒತ್ತಿದರು, ಕೋಣೆಯ ಮಧ್ಯೆ ಹಿಡಿದು ನಿಂತರು. ಹುಬ್ಬು ಗಂಟಾಯಿತು.

"ಸೂರು ಪೂರ್ತಿ ಒಣಗಿದೆ. ರೂಮಿನ ಗಾಳೀಲಿ ತೇವ ಹತ್ತೊಂಬತ್ತು. ಇಷ್ಟು ಒಣಗಿರೋ ಮನೆ ನಾನು ನೋಡೇ ಇಲ್ಲ. ಇಲ್ಲಿ ಹೇಗ್ರೀ ಬದುಕಿದ್ದೀರಿ?"

"ನಿಮ್ಮ ಮಿಷನ್ ಕೆಟ್ಟಿದೆ," ಎಂದರು ಭಾವ.

"ಸರ್ಕಾರದ ಮಿಷನ್ ರೀ ಇದು."

"ಅದಕ್ಕೇ ಹೇಳ್ದೆ!" ಎನ್ನುತ್ತ ಭಾವ ಗೋಡೆಯಿಂದ ತಮ್ಮ ಮೀಟರನ್ನು ತೆಗೆದು, ಮೆರವಣಿಗೆಯಲ್ಲಿ ಹಿಡಿದಂತೆ ಎಲ್ಲರ ಮುಂದೆ ಹಿಡಿದರು. "ನೋಡಿ! ತಂದ ದಿನದಿಂದ ಇವತ್ತಿನವರೆಗೆ ಅರವತ್ತೆಂಟು. ಒಂದು ದಿನ ಮಾತು ಬದಲಾಯಿಸಿಲ್ಲ. ಮೇಷ್ಟ್ರೇ, ನೀವೇ ನೋಡಿ, ಓದಿದವರು."

ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದರು. "ಹೌದು, ಅರವತ್ತೆಂಟೇ," ಎಂದರು ಪ್ರಾಮಾಣಿಕವಾಗಿ. "ಇಲ್ಲಿ ಮೂಲೇಲಿ ಏನೋ ಎದ್ದಿದೆಯಲ್ಲ, ಧೂಳು ಸೇರುತ್ತೆ," ಎಂದು ಉಗುರಿನಿಂದ ಕೆರೆದರು. ಅದು ಸರ್ರನೆ ಬಂತು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಮೇಷ್ಟ್ರ ಬೆರಳಿಗಂಟಿಕೊಂಡು ನೇತಾಡತೊಡಗಿತು. ಅದರ ಮೇಲೆ ಅರವತ್ತೆಂಟು. ಅದರ ಪಕ್ಕದಲ್ಲಿ ನಗುಮುಖ. ಕೆಳಗಿನ ಪರದೆ ಬರಿದೋ ಬರಿದು.

ನೆಲ ಒಮ್ಮೆ "ಟಕ್" ಎಂದಿತು.

"ಅಯ್ಯಯ್ಯೋ," ಎಂದರು ಮೇಷ್ಟ್ರು. "ನಿಮ್ಮ ನಂಬರೇ ಕಿತ್ತು ಬಂತಲ್ಲಪ್ಪ! ಮಿಷನ್ ಹಾಳು ಮಾಡಿಬಿಟ್ಟೆ. ಕ್ಷಮಿಸಿಬಿಡಿ, ವಯಸ್ಸಾದವನ ಕೈ."

"ಪರವಾಗಿಲ್ಲ ಬಿಡಿ ಮೇಷ್ಟ್ರೇ," ಎಂದುಬಿಟ್ಟರು ಭಾವ, ಬಾಯಿ ರೂಢಿಯಿಂದ. "ಮತ್ತೆ ಅಂಟಿಸೋಣ."

ಅಕ್ಕ ಮುಂದೆ ಬಂದಳು. ಮೀಟರನ್ನು ಇಸಿದುಕೊಂಡು ಹಿಂದೆ ತಿರುಗಿಸಿದಳು. ಬ್ಯಾಟರಿಯ ಮುಚ್ಚಳದ ಸಂದಿಯಿಂದ ಇನ್ನೊಂದು ಪ್ಲಾಸ್ಟಿಕ್ ಪಟ್ಟಿ ನಾಲಿಗೆಯಂತೆ ಹೊರಗೆ ಚಾಚಿತ್ತು. ಎಳೆದರೆ ಮಾತ್ರ ಬ್ಯಾಟರಿ ಕೆಲಸ ಮಾಡುವುದು. ಅದನ್ನು ಯಾರೂ ಎಳೆದಿರಲಿಲ್ಲ. ಆ ಮನೆಯಲ್ಲಿ ಎಳೆಯುವ ಪದ್ಧತಿಯೇ ಇಲ್ಲವಲ್ಲ. ಅಕ್ಕ ಎಳೆದಳು. ಮೀಟರ್ "ಪೀಂ" ಎಂದು ಜೀವ ತಳೆಯಿತು. ಪರದೆಯ ಮೇಲೆ ಹತ್ತೊಂಬತ್ತು ಎಂದು ಮೂಡಿತು. ಪಕ್ಕದಲ್ಲಿ ಅಳುಮುಖ.

"ಈಗ ನಮ್ಮದೂ ನಿಮ್ಮದೂ ಒಂದೇ," ಎಂದರು ಇಂಜಿನಿಯರ್, ಯಂತ್ರವನ್ನು ಚೀಲಕ್ಕೆ ಹಾಕುತ್ತ.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದು ಭಾವನಿಗೆ ಅನ್ನಿಸಿರಬೇಕು. ನೆಲವೇನೋ ಬಾಯಿ ಬಿಟ್ಟೇ ಇತ್ತು, ಆದರೆ ಅಂಗಿಯ ಗುಂಡಿಗೆ ಸಾಲುವಷ್ಟು, ಭಾವನಿಗೆ ಸಾಲುವಷ್ಟಲ್ಲ. ಅವರು ಕುಸಿದು ಸೋಫಾದ ಮೇಲೆ ಕೂತರು. ಸೋಫಾ ತನ್ನ ಸದ್ದು ಮಾಡಿತು. ಅದು ಸೋಫಾದ ಸದ್ದು ಎಂದು ಹೇಳುವ ಧೈರ್ಯ ಕೂಡ ಅವರಲ್ಲಿರಲಿಲ್ಲ. ಅಜೆಂಡಾ ಗಂಟಲು ಸರಿಮಾಡಿಕೊಂಡು "ಸಭೆ ಮುಗಿದಿದೆ" ಎಂದರು, ಜನ ಒಬ್ಬರ ಮುಖ ಒಬ್ಬರು ನೋಡದೆ ಇಳಿದು ಹೋದರು. ಬಾಗಿಲಿಗೆ ಹೋದ ಮೇಷ್ಟ್ರು ತಿರುಗಿ ಬಂದು, ಬೆರಳಲ್ಲಿದ್ದ ಅರವತ್ತೆಂಟನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಹೋದರು.

ಆ ಸಂಜೆ ಅಕ್ಕ ಮೇಲೆ ಹೋಗಿ ಬಂದಳು. ಕಣ್ಣು ಕೆಂಪಾಗಿತ್ತು. "ನಾಳೆಯಿಂದ ಅವರ ಸ್ನಾನ ನಮ್ಮನೇಲಿ," ಎಂದಳು. "ಕೆಳಗಿನವರೆಗೆ ಇಳಿಯೋದು ಬೇಡ ಅಂತ ಕೈ ಹಿಡಿದು ಕೇಳ್ಕೊಂಡೆ. ನಿಮ್ಮ ನೆಲ ಏನಾದ್ರೂ ಆಗ್ಲಿ."

ಬೆಳಿಗ್ಗೆ ಭಾವನೇ ನೀರು ಕಾಯಿಸಿದರು. ಮೇಷ್ಟ್ರು ಸ್ನಾನ ಮುಗಿಸಿ, ಹಿಂದೆಯೇ ಹಬೆ ಎಳೆದುಕೊಂಡು ಬಚ್ಚಲಿನಿಂದ ಹೊರಬರುವಾಗ ಭಾವ ಟವೆಲ್ ಹಿಡಿದು ನಿಂತಿರುತ್ತಿದ್ದರು. ಮೇಷ್ಟ್ರಿಗೆ ಕಣ್ಣು ಮಂಜು. ಹಾಸಿದ ಚಾಪೆ ಬಿಟ್ಟು ಮರದ ಮೇಲೆಯೇ ಹೆಜ್ಜೆ ಇಡುತ್ತ ಹೋಗುವರು. ಒದ್ದೆ ಪಾದದ ಗುರುತುಗಳನ್ನು ಭಾವ ಕೂತು ಬಟ್ಟೆಯಿಂದ ಒರೆಸುವರು. ಒಂದು ಸಲವೂ "ನಿಧಾನ" ಎನ್ನಲಿಲ್ಲ. ಕುಕ್ಕರ್ ಮತ್ತೆ ಕೂಗತೊಡಗಿತು. ಅಮ್ಮ ಕಂಬಳಿ ಹೊದ್ದು ಕೋಣೆಯ ನಟ್ಟನಡುವೆ ಪಾತ್ರೆಯಿಟ್ಟು ಕೂತಳು. ಅಳಿಯನ ಜೊತೆ ಮಾತು ಮಾತ್ರ ಇನ್ನೂ ಇಲ್ಲ. ಗೋಡೆಯ ಮೇಲೆ ಅಂಕಿ ದಿನದಿನಕ್ಕೆ ಏರಿತು. ನಲವತ್ತು ದಾಟಿದಾಗ ಅಳುಮುಖ ಹೋಗಿ ನಿಜವಾದ ನಗುಮುಖ ಬಂತು. ಹಲಗೆಯ ಸಂದುಗಳು ಮೆಲ್ಲಗೆ ಕೂಡಿಕೊಂಡವು. ಯಾರ ಮೇಲೆ ಭಾವ ತೇವದ ಆರೋಪ ಹೊರಿಸಿದ್ದರೋ ಅವರ ಸ್ನಾನದ ಹಬೆಯೂ ಸೇರಿ ನೆಲ ಉಳಿಸಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಭಾವ ಮೀಟರಿನ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಮೇಲಿನ ಬಚ್ಚಲನ್ನು ಭಾವ ರಜೆ ಹಾಕಿ, ಎದುರು ನಿಂತು ಕಟ್ಟಿಸಿಕೊಟ್ಟರು. ಮುಗಿದ ದಿನ ಮೇಷ್ಟ್ರು ಕರೆದರೆಂದು ನಾವೆಲ್ಲ ಹೋದೆವು. ಕ್ಷಮೆ ಕೇಳಬೇಕೆಂದು ಭಾವ ಮೆಟ್ಟಿಲುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದರು. ಅಷ್ಟು ದಿನ ಟವೆಲ್ ಹಿಡಿದು ನಿಂತಿದ್ದರೇ ಹೊರತು ಆ ಒಂದು ಮಾತು ಆಡಲು ಆಗಿರಲಿಲ್ಲ. ಹೊಸ ಟೈಲ್ಸ್ ಹೊಳೆಯುತ್ತಿದ್ದವು. ನಲ್ಲಿಯೂ ಹೊಸದು, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಹಾಗೆಯೇ ಇತ್ತು.

"ಇದನ್ನ ನಿಮಗೇ ಅಂತ ಬಿಟ್ಟಿದ್ದೀನಿ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಕೊಂಕಿರಲಿಲ್ಲ. "ನಿಮ್ಮ ಕೈಯಿಂದಲೇ ಆಗ್ಲಿ."

ಭಾವ ಬಗ್ಗಿದರು. ಉಗುರಿಗೆ ತುದಿ ಸಿಗಲಿಲ್ಲ. ಮೂವತ್ತು ವರ್ಷ ಪ್ಲಾಸ್ಟಿಕ್ ಕೀಳದ ಕೈ ಅದು. ಅದು ಚರಚರ ಎಂದು ಸದ್ದು ಮಾಡಿತು, ಹರಿಯಿತು, ಮತ್ತೆ ಅಂಟಿತು. ನಾವು ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಕೊನೆಗೂ ಕಿತ್ತು ಬಂತು. ಮೇಷ್ಟ್ರು ನಲ್ಲಿ ತಿರುಗಿಸಿದರು, ನೀರು ಬಂತು. ಭಾವ ಪ್ಲಾಸ್ಟಿಕ್ಕಿನ ಮುದ್ದೆ ಹಿಡಿದುಕೊಂಡು "ಮೇಷ್ಟ್ರೇ, ನಾನು..." ಎಂದರು. ಕಣ್ಣು ತುಂಬಿತು. ಗಾಬರಿಯಾಗಿ ಸುತ್ತಮುತ್ತ ನೋಡಿ, ಮುಖ ಮುಚ್ಚಿಕೊಂಡು, ಅಭ್ಯಾಸಬಲದಿಂದ ಬಾಲ್ಕನಿಯ ಕಡೆ ಹೊರಟರು.

ಅಷ್ಟು ದಿನವೂ ಭಾವನೊಡನೆ ಒಂದು ಮಾತೂ ಆಡದ ದೊಡ್ಡಮ್ಮ ಅವರ ತೋಳು ಹಿಡಿದು ನಿಲ್ಲಿಸಿದರು.

"ಇಲ್ಲೇ ಅಳಪ್ಪ, ಪರವಾಗಿಲ್ಲ," ಎಂದರು. "ನಮ್ಮದು ಕಲ್ಲಿನ ನೆಲ."